ಮರಳು ತೊಳೆಯೋ ಪಂಪನ್ನ ಎಚ್‌ಪಿ ನೋಡಿ ತಗೋಬೇಡಿ

ಸಂಪಾದಕರಿಗೆ ನಮಸ್ಕಾರ,

ಕ್ರಶರ್‌ನಲ್ಲಿ ಕಲ್ಲು ಪುಡಿ ಮಾಡಿ ತೆಗೆಯೋ ಎಂ-ಸ್ಯಾಂಡ್ ಬಗ್ಗೆ ಪೇಪರ್‌ನಲ್ಲಿ ರೇಟು, ಪರ್ಮಿಟ್ಟು, ಕ್ವಾಲಿಟಿ ಎಲ್ಲಾ ಬರ್ತದೆ, ಅದನ್ನ ತೊಳೆಯೋ ಪ್ಲಾಂಟಿನ ಸ್ಲರಿ (ಮರಳು ಬೆರೆತ ನೀರು) ಎತ್ತೋ ಪಂಪ್ ವಿಷಯ ಮಾತ್ರ ಯಾರೂ ಎತ್ತಲ್ಲ. ನಾನಿಲ್ಲಿ ಪುಣೆ ಭೋಸರಿಯಲ್ಲಿ ಪಂಪ್ ರಿಪೇರಿ ಕೆಲಸದಲ್ಲಿದ್ದೀನಿ, ಮೋಶಿ, ವಾಘೋಲಿ ಕಡೆ ಕ್ರಶರ್‌ಗಳಿಂದ ತೂತು ಬಿದ್ದ ಕೇಸಿಂಗ್ (ಪಂಪಿನ ಹೊರಕವಚ), ಅಂಚು ಬ್ಲೇಡಿನ ಹಾಗಾದ ಇಂಪೆಲ್ಲರ್ (ಒಳಗೆ ತಿರುಗೋ ಚಕ್ರ) ಬರ್ತಾನೇ ಇರ್ತವೆ, ನಮ್ಮ ವಿಜಯಪುರ, ಕಲಬುರಗಿ ಕಡೆಯವರೂ ಪಂಪ್ ವಿಚಾರಿಸ್ಕೊಂಡು ಬರ್ತಾರೆ, ಬಂದೋರು ಮೊದಲು ಕೇಳೋದೇ ಎಷ್ಟು ಎಚ್‌ಪಿ, ಲಾಸ್ಟ್ ರೇಟ್ ಎಷ್ಟು ಅಂತ.

ಹೇಳಬೇಕಾದ್ದು ಬೇರೆ ಇದೆ. ಕಾಳು ಎಷ್ಟು ದಪ್ಪ, ನೀರಲ್ಲಿ ಮರಳು ಎಷ್ಟು, ಎಷ್ಟು ಎತ್ತರಕ್ಕೆ ಎತ್ತಬೇಕು. ನೂರು ಕೆಜಿ ಸ್ಲರಿಯಲ್ಲಿ 30 ಕೆಜಿ ಕರಿಕಲ್ಲಿನ ಮರಳಿದ್ರೆ ಅದು ಅಷ್ಟೇ ಲೀಟರ್ ಬರೀ ನೀರಿಗಿಂತ ಹತ್ತಿರಹತ್ತಿರ ಕಾಲು ಪಾಲು ಜಾಸ್ತಿ ತೂಗ್ತದೆ, ನೀರಿನ ಲೆಕ್ಕದಲ್ಲಿ ತಂದ ಮೋಟಾರು ಸುಡೋದು ಅದಕ್ಕೇ.

ದೊಡ್ಡ ನಷ್ಟ ಆಗೋದು ಹೆಡ್‌ನಲ್ಲಿ, ಅಂದ್ರೆ ಪಂಪ್ ಎಷ್ಟು ಎತ್ತರಕ್ಕೆ ಎತ್ತಬೇಕು ಅನ್ನೋ ಲೆಕ್ಕದಲ್ಲಿ. ಬೇಕಾಗಿರೋದು 20 ಮೀಟರ್, ಇರ್ಲಿ ಅಂತ ಕನ್ಸಲ್ಟೆಂಟ್ ಒಂದಿಷ್ಟು ಸೇರಿಸ್ತಾರೆ, ಡೀಲರ್ ಇನ್ನಷ್ಟು ಸೇರಿಸ್ತಾರೆ, ಕೊನೆಗೆ 30 ಮೀಟರ್ ಪಂಪ್ ಬಂದು ಕೂರ್ತದೆ. ಆ ಹೆಡ್‌ಗೆ ಇಂಪೆಲ್ಲರ್ ಅಂಚಿನ ವೇಗ ಶೇ 22ರಷ್ಟು ಜಾಸ್ತಿ ಬೇಕು, ಸವೆತ ಏರೋದು ವೇಗದ ಎರಡೂವರೆಯಿಂದ ಮೂರನೇ ಘಾತದಲ್ಲಿ, ಅಂದ್ರೆ ಒಂದೂವರೆ ಪಟ್ಟಿಗೂ ಮೀರಿ. ಅದರ ಜೊತೆಗೆ ಹರಿವು ತಗ್ಗಿಸೋಕೆ ವಾಲ್ವ್ ಅರ್ಧ ಮುಚ್ಚಿ ಓಡಿಸ್ತಾರೆ, ಆಗ ಮರಳು ಕೇಸಿಂಗ್ ಒಳಗೇ ಸುತ್ತಿ ಸುತ್ತಿ ಕೊರೀತದೆ, ವಾಲ್ವೂ ಹೋಗ್ತದೆ. ಅದಕ್ಕೇ ಸ್ಲರಿ ಪಂಪ್ ವಿ-ಬೆಲ್ಟ್ ಡ್ರೈವ್‌ದೇ ತಗೊಳ್ಳಿ, ಹೆಡ್ ಜಾಸ್ತಿ ಆಯ್ತು ಅಂದ್ರೆ ಪುಲ್ಲಿ ಬದಲಾಯಿಸಿ ಸ್ಪೀಡ್ ಇಳಿಸಬಹುದು. ತೀರಾ ಇಳಿಸಿದ್ರೆ ಪೈಪಲ್ಲಿ ಮರಳು ಕೂತು ಜಾಮ್ ಆಗ್ತದೆ, ಅದೂ ಗಮನದಲ್ಲಿರ್ಲಿ.

ಕೇಸಿಂಗ್ ಒಳಗೆ ಹಾಕೋ ಲೈನರ್ (ಸವೆತ ತಡೆಯೋ ಪದರ) ರಬ್ಬರಿಂದಾದ್ರೆ ಸಾಕಾ ಅಂತ ಬಹಳ ಜನ ಕೇಳ್ತಾರೆ. ನುಣ್ಣಗಿನ ಹೂಳು ಹೊರಗೆ ಹಾಕೋ ಪಂಪಿಗೆ ರಬ್ಬರ್ ನಿಜವಾಗ್ಲೂ ಒಳ್ಳೇದು. ಆದ್ರೆ ಕ್ರಶರ್ ಮರಳು ನದಿ ಮರಳಲ್ಲ, 4.75 ಮಿಮೀವರೆಗಿನ ಕಾಳು, ಮೂಲೆ ಚೂಪಾಗಿರ್ತವೆ, ಜೊತೆಗೆ ಜಾಲರಿ ತಂತಿ ತುಂಡೊಂದು ಬಂದ್ರೂ ರಬ್ಬರ್ ಹರೀತದೆ, ಡೀಸೆಲ್ ಗ್ರೀಸ್ ತಾಗಿದ್ರೆ ಉಬ್ತದೆ, ಹಾಗಾಗಿ ಮರಳು ನೇರ ಹೋಗೋ ಪಂಪಿಗೆ 27 ಪರ್ಸೆಂಟ್ ಕ್ರೋಮ್ ಇರೋ ಬಿಳಿ ಬೀಡೇ (ಗಟ್ಟಿ ಎರಕದ ಕಬ್ಬಿಣ) ಸರಿ.

ಗ್ಲ್ಯಾಂಡಿಗೆ (ಶಾಫ್ಟ್ ಹೊರಗೆ ಬರೋ ಕಡೆ ಸೋರದ ಹಾಗೆ ಪ್ಯಾಕಿಂಗ್ ತುಂಬೋ ಜಾಗ) ಕೊಡೋ ನೀರು ಸ್ವಚ್ಛ ಇರ್ಬೇಕು, ಪಂಪಿನ ಒಳಗಿನ ಪ್ರೆಶರ್‌ಗಿಂತ ಜಾಸ್ತಿ ಪ್ರೆಶರ್‌ನಲ್ಲಿ ಬರ್ಬೇಕು. ಹೊಂಡದ ರಾಡಿ ನೀರನ್ನೇ ತಿರುಗಿಸಿ ಕೊಡೋರಿದ್ದಾರೆ, ಪ್ಯಾಕಿಂಗೂ ಶಾಫ್ಟ್ ಸ್ಲೀವೂ ತಿಂದು ಹಾಕ್ತದೆ.

ಕೊಟೇಶನ್ ಜೊತೆ ಪಂಪಿನ ಕರ್ವ್ (ಎಷ್ಟು ಹರಿವಿಗೆ ಎಷ್ಟು ಹೆಡ್ ಅಂತ ತೋರಿಸೋ ಗ್ರಾಫ್) ಕೇಳಿ ಇಸ್ಕೊಳ್ಳಿ, ನಿಮ್ಮ ಡ್ಯೂಟಿ ಪಾಯಿಂಟ್ (ನಿಮಗೆ ಬೇಕಾದ ಹರಿವು, ಹೆಡ್) ಎಲ್ಲಿ ಬೀಳ್ತದೆ ಅಂತ ಅದರ ಮೇಲೇ ಗುರುತು ಹಾಕಿಸಿ, ಇಂಪೆಲ್ಲರ್, ಲೈನರ್ ರೇಟೂ ಆಗಲೇ ಬರೆಸಿಕೊಳ್ಳಿ. ಇಷ್ಟು ಕೊಡೋಕೆ ಹಿಂದೇಟು ಹಾಕೋ ಡೀಲರ್‌ಗೆ ಅಡ್ವಾನ್ಸ್ ಕೊಡ್ಬೇಡಿ.

- ನಿಮ್ಮ ಓದುಗ, ಭೋಸರಿ, ಪುಣೆ