ಮನೆಗೆ ಹೊಸ ಭಾಗ ಸೇರಿಸುವ ಮುನ್ನ

ಎಲ್ಲರಿಗೂ ನಮಸ್ಕಾರ. ಮಹಡಿ ಏರಿಸುವ, ಬಾಲ್ಕನಿ ಮುಚ್ಚುವ, ಪಕ್ಕದಲ್ಲಿ ಕೋಣೆ ಕಟ್ಟುವ ಯೋಚನೆ ಇರುವವರು ದಯವಿಟ್ಟು ಓದಿ.

ಆ ಜಾಗದಲ್ಲಿ ಏನು, ಎಷ್ಟು ಕಟ್ಟಬಹುದು ಅಂತ ವಲಯ ನಿಯಮ ಹೇಳುತ್ತದೆ. ಕಟ್ಟುವ ರೀತಿ ಸುರಕ್ಷಿತವಾ ಅಂತ ಕಟ್ಟಡ ಪರವಾನಗಿ ಕೊಡುವವರು ನೋಡುತ್ತಾರೆ. ಎರಡೂ ಬೇಕು.

ಜಾಸ್ತಿ ಎಡವುವುದು ಸೆಟ್‌ಬ್ಯಾಕ್ ವಿಷಯದಲ್ಲಿ. ಗಡಿಯಿಂದ ಬಿಡಲೇಬೇಕಾದ ಜಾಗ ಅದು. ಗಾಳಿ ಬೆಳಕಿಗೆ ಬೇಕು, ಬೆಂಕಿ ಬಿದ್ದರೆ ಪಕ್ಕಕ್ಕೆ ಹರಡದಿರಲೂ ಬೇಕು. ಸುಮ್ನೆ ಖಾಲಿ ಇದೆ ಅಂತ ಅಲ್ಲಿ ಶೆಡ್ ಹಾಕಬೇಡಿ. ಅಳತೆಯನ್ನು ಕಾಂಪೌಂಡ್ ಗೋಡೆಯಿಂದ ಅಲ್ಲ, ದಾಖಲೆಯಲ್ಲಿರುವ ಗಡಿಯಿಂದ ತೆಗೆಯಿರಿ. ಎರಡೂ ಒಂದೇ ಕಡೆ ಇರಬೇಕೆಂದಿಲ್ಲ. ನಿವೇಶನದ ವಿಸ್ತೀರ್ಣಕ್ಕೆ ತಕ್ಕಂತೆ ಒಟ್ಟು ಎಷ್ಟು ಕಟ್ಟಬಹುದೆಂಬ ಮಿತಿಯೂ ಇರುತ್ತದೆ. ಅದನ್ನು ಈಗಾಗಲೇ ಮುಟ್ಟಿದ್ದರೆ, ಬಾಲ್ಕನಿ ಮುಚ್ಚಿದರೂ ಮೀರಬಹುದು.

ಬಣ್ಣ ಬಳಿಯಲು ಸಾಮಾನ್ಯವಾಗಿ ಪರವಾನಗಿ ಬೇಡ. ಪಾರಂಪರಿಕ ಪ್ರದೇಶವಾದರೆ ಮಾತ್ರ ಬಣ್ಣಕ್ಕೂ ಕಿಟಕಿಗೂ ಕೇಳಬೇಕಾಗಬಹುದು.

ಮಹಡಿ ಏರಿಸುವವರು ತಳಪಾಯ ಭಾರ ತಾಳುತ್ತದಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಪರೀಕ್ಷೆ ಮಾಡಿಸಿ. ಮೇಸ್ತ್ರಿಯ ಭರವಸೆ ಸಾಲದು. ಇದು ಜೀವದ ಪ್ರಶ್ನೆ ಅಲ್ವಾ?

ಕೆಲಸದ ನಡುವೆ ನಕ್ಷೆ ಬದಲಿಸಿದರೆ ಮತ್ತೆ ಅನುಮತಿ ತೆಗೆದುಕೊಳ್ಳಿ. ಮಂಜೂರಾದ ನಕ್ಷೆಯನ್ನು ಜೋಪಾನವಾಗಿಡಿ, ಮನೆ ಮಾರುವಾಗ ಕೇಳುತ್ತಾರೆ.