ಪೋಸ್ಟಿಂಗಿಗೆ ಬರೋ ಸ್ಟೂಡೆಂಟ್ಸನ್ನ ಗೋಡೆ ಪಕ್ಕ ನಿಲ್ಲಿಸ್ಬೇಡ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮುಂದಿನ ವಾರದಿಂದ ನಿನ್ನ ಹೆರಿಗೆ ಯೂನಿಟ್ಟಿಗೆ ಮೆಡಿಕಲ್ ಸ್ಟೂಡೆಂಟ್ಸ್ ಪೋಸ್ಟಿಂಗಿಗೆ, ಅಂದ್ರೆ ವಾರ್ಡಲ್ಲೇ ಇದ್ದು ಕೆಲಸ ಕಲಿಯೋಕೆ ಬರ್ತಾರೆ, ಇಷ್ಟು ಕಮ್ಮಿ ಟೈಮಲ್ಲಿ ಏನಂತ ಹೇಳ್ಕೊಡ್ಲಿ ದೊಡ್ಡಮ್ಮ ಅಂತ ಕೇಳಿದ್ಯಲ್ಲ, ಫೋನಲ್ಲಿ ಅರ್ಧಂಬರ್ಧ ಹೇಳೋದಕ್ಕಿಂತ ಕೂತು ಬರೆದ್ಬಿಡೋಣ ಅನ್ನಿಸ್ತು. ನೀನು ಕಳಿಸಿರೋ ಟಾಪಿಕ್ ಲಿಸ್ಟ್ ನೋಡ್ದೆ, ಚೆನ್ನಾಗಿದೆ, ಆದ್ರೆ ಅದ್ರಲ್ಲಿ ಮುಕ್ಕಾಲು ಭಾಗ ಅವ್ರು ಪುಸ್ತಕದಲ್ಲೇ ಓದ್ಕೋತಾರೆ. ಅದಕ್ಕಿಂತ ಮೊದ್ಲು ಅವ್ರನ್ನ ಎಲ್ಲಿ ನಿಲ್ಲಿಸ್ತೀಯ ಅಂತ ಯೋಚ್ನೆ ಮಾಡು ಕಣೇ. ರೌಂಡ್ಸಲ್ಲಿ ನೋಡಿದೀಯಲ್ಲ, ಬೆಡ್ ಪಕ್ಕ ಪ್ರೊಫೆಸರ್ರು, ಅವ್ರ ಹಿಂದೆ ಸ್ಪೆಷಲಿಸ್ಟ್ ಆಗೋಕೆ ಓದ್ತಿರೋ ಪಿಜಿ ಡಾಕ್ಟರ್‌ಗಳು, ಅವ್ರ ಹಿಂದೆ ಈಗಷ್ಟೇ ಎಂಬಿಬಿಎಸ್ ಪರೀಕ್ಷೆ ಮುಗಿಸಿರೋ ಹೌಸ್ ಸರ್ಜನ್‌ಗಳು, ಕೊನೇಲಿ ಗೋಡೆಗೆ ಒರಗ್ಕೊಂಡು ಸ್ಟೂಡೆಂಟ್ಸು, ಅವ್ರಿಗೆ ಕಾಣೋದು ಬರೀ ಬೇರೆಯವ್ರ ಬೆನ್ನು. ಲೇಬರ್ ರೂಮಲ್ಲೂ ಅದೇ ಕಥೆ, ಮಗುವಿನ ತಲೆ ಕಾಣೋ ಹೊತ್ತಿಗೆ ಹತ್ತು ಜನ ಓಡಿ ಬರ್ತಾರೆ, ಮಗು ಅತ್ತ ತಕ್ಷಣ ಚದುರಿ ಹೋಗ್ತಾರೆ, ಲಾಗ್‌ಬುಕ್ಕಲ್ಲಿ ಒಂದು ಸೈನ್ ಬೀಳತ್ತೆ. ಹಾಗೆ ನೋಡಿದ್ರೆ ಹೆರಿಗೆ ಬಗ್ಗೆ ಏನೂ ತಿಳಿಯಲ್ಲ, ಆ ತಾಯಿ ಮನಸ್ಸಿಗೆ ಎಷ್ಟು ಹಿಂಸೆ ಆಗಿರತ್ತೆ ಅಂತಾನೂ ಯಾರೂ ಕೇಳಲ್ಲ.

ನಾನು ಹೇಳೋದು ಇಷ್ಟೇ, ಒಬ್ಬ ಸ್ಟೂಡೆಂಟಿಗೆ ಒಬ್ಬ ತಾಯಿ. ಆಕೆ ಅಡ್ಮಿಟ್ ಆದಾಗಿಂದ ಹಿಡಿದು ಹೆರಿಗೆ ಆಗಿ ಎರಡು ಗಂಟೆ ಕಳೆಯೋ ತನಕ ಆ ಸ್ಟೂಡೆಂಟ್ ಆಕೆ ಜೊತೇಲೇ ಇರ್ಲಿ. ಐದು ಹೆರಿಗೆ ಓಡಿ ಓಡಿ ನೋಡೋದಕ್ಕಿಂತ ಒಂದು ಹೆರಿಗೇನ ಪೂರ್ತಿ ಕೂತು ನೋಡಿದ್ರೆ ಜಾಸ್ತಿ ಕಲೀತಾರೆ. ಆದ್ರೆ ಸುಮ್ನೆ ಕೂರಿಸ್ಬೇಡ, ಆಕೆಗೆ ಉಪಯೋಗ ಆಗೋ ಕೆಲಸ ಕೊಡು. ಗರ್ಭಕೋಶದ ಮೇಲ್ಭಾಗದಲ್ಲಿ ಅಂಗೈನ ಮೆತ್ತಗೆ ಇಟ್ಟು, ಒತ್ತದೆ, ಹತ್ತು ನಿಮಿಷಕ್ಕೆ ಎಷ್ಟು ಸಲ ಗಟ್ಟಿ ಆಗತ್ತೆ, ಪ್ರತಿ ಸಲ ಎಷ್ಟು ಸೆಕೆಂಡ್ ಇರತ್ತೆ ಅಂತ ಗಡಿಯಾರ ನೋಡಿ ಎಣಿಸ್ಲಿ. ಸ್ವಲ್ಪ ಹೊತ್ತು ಹಾಗೆ ಕೂತ್ರೆ ಸಾಕು, ಆಕೆ ಮುಖ ಕಿವುಚೋ ಮೊದ್ಲೇ ಕಂಟ್ರಾಕ್ಷನ್ ಶುರುವಾಗಿದ್ದು ಕೈಗೆ ಗೊತ್ತಾಗತ್ತೆ, ಅದು ಗೊತ್ತಾದ ಗಳಿಗೇಲಿ ಆ ಹುಡುಗ ಹುಡುಗೀರ ಕಣ್ಣು ಅರಳೋದು ನೀನೇ ನೋಡು. ಆಮೇಲೆ ಮಗುವಿನ ಹಾರ್ಟ್‌ಬೀಟು. ಆಕ್ಟಿವ್ ಲೇಬರಲ್ಲಿ, ಅಂದ್ರೆ ಹೆರಿಗೆ ನೋವು ಜೋರಾದ ಹಂತದಲ್ಲಿ, 15ರಿಂದ 30 ನಿಮಿಷಕ್ಕೊಂದು ಸಲ, ಮುಕ್ಕೋ ಹಂತದಲ್ಲಿ 5 ನಿಮಿಷಕ್ಕೊಂದು ಸಲ, ಪೂರ್ತಿ ಒಂದು ನಿಮಿಷ, ಕಂಟ್ರಾಕ್ಷನ್ ಮುಗಿದ ಮೇಲೂ ಅರ್ಧ ನಿಮಿಷ ಕೇಳ್ಬೇಕು, ಹಾಗೇ ಇನ್ನೊಂದು ಕೈ ತಾಯಿ ನಾಡಿ ಮೇಲಿರ್ಬೇಕು. ನಮ್ಮ ಯೂನಿಟ್ಟಲ್ಲಿ ಒಬ್ಬ ಹುಡುಗ ಹೀಗೆ ಕೈ ಇಟ್ಟಿದ್ದಕ್ಕೇ, ಮೇಡಂ ಹಾರ್ಟ್‌ಬೀಟ್ ಕೇಳಿಸೋ ಡಾಪ್ಲರ್ ಮೆಷೀನಲ್ಲಿ ಬರ್ತಿರೋದು ಮಗೂದಲ್ಲ ತಾಯೀದು ಅಂತ ಬಂದು ಹೇಳ್ದ, ನೋಡಿದ್ರೆ ನಿಜ. ಪ್ರತಿ ಬ್ಯಾಚಿಗೂ ಅವನ ವಿಷ್ಯ ಹೇಳ್ತೀನಿ.

ಹೆರಿಗೆ ಹೇಗೆ ಸಾಗ್ತಿದೆ ಅಂತ ಬರೆಯೋ ಚಾರ್ಟ್ ಕೂಡ ಅವ್ರ ಕೈಗೇ ಕೊಡು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ ಲೇಬರ್ ಕೇರ್ ಗೈಡ್ ಇದ್ಯಲ್ಲ, ಅದ್ರಲ್ಲಿ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ ಅನ್ನೋದಕ್ಕಿಂತ ಮೊದ್ಲೇ ಜೊತೆಗೆ ಯಾರಾದ್ರೂ ಇದಾರಾ, ನೋವು ಕಮ್ಮಿ ಮಾಡೋಕೆ ಏನಾದ್ರೂ ಕೊಟ್ರಾ, ಕುಡಿಯೋಕೆ ಕೊಟ್ರಾ, ಯಾವ ಭಂಗಿಲಿದಾರೆ ಅಂತ ಕೇಳತ್ತೆ. ಪಿಜಿಗಳು ಬಿಡುವಿಲ್ಲದೆ ಓಡಾಡ್ವಾಗ ಆ ಸಾಲುಗಳು ಖಾಲಿ ಉಳಿಯತ್ತೆ, ಸ್ಟೂಡೆಂಟ್ ಪಕ್ಕದಲ್ಲೇ ಕೂತಿದ್ರೆ ಉಳಿಯಲ್ಲ. ಮತ್ತೆ ಆಕ್ಟಿವ್ ಹಂತ 5 ಸೆಂಟಿಮೀಟರಿಂದ ಶುರು, ಗಂಟೆಗೆ ಒಂದು ಸೆಂಟಿಮೀಟರ್ ಆಗ್ಲಿಲ್ಲ ಅನ್ನೋದೊಂದೇ ಕಾರಣಕ್ಕೆ ಅವಸರ ಮಾಡ್ಬಾರ್ದು ಅನ್ನೋದನ್ನ ಕ್ಲಾಸಲ್ಲಿ ನೂರು ಸಲ ಹೇಳಿದ್ರೂ ತಲೆಗೆ ಹೋಗಲ್ಲ, ಒಬ್ಬ ತಾಯಿ ಜೊತೆ ರಾತ್ರಿಯಿಡೀ ಕೂತು ನೋಡಿದವ್ರಿಗೆ ತಾನಾಗೇ ಅರ್ಥ ಆಗತ್ತೆ.

ಹೊಟ್ಟೆ ನೋಡೋದನ್ನ ಮಾತ್ರ ನೀನೇ ಕೂತು ಹೇಳ್ಕೊಡು, ಪಿಜಿಗಳಿಗೆ ಬಿಡ್ಬೇಡ. ಮೊದ್ಲು ಆಕೆ ಯೂರಿನ್ ಪಾಸ್ ಮಾಡಿ ಬರ್ಲಿ, ಮಂಡಿ ಸ್ವಲ್ಪ ಮಡಚಿ ಮಲಗ್ಲಿ, ಸ್ಟೂಡೆಂಟ್ ಕೈ ಉಜ್ಜಿ ಬೆಚ್ಚಗೆ ಮಾಡ್ಕೊಂಡು, ಮುಟ್ಲಾ ಅಂತ ಕೇಳಿ ಮುಟ್ಲಿ. ಮಗು ಹೇಗೆ ಮಲಗಿದೆ ಅಂತ ಹೊಟ್ಟೆ ಮೇಲೆ ಕೈಯಿಟ್ಟು ನೋಡೋ ನಾಲ್ಕು ಗ್ರಿಪ್ಪಲ್ಲಿ ಮೊದಲನೇ ಮೂರಕ್ಕೆ ಅವ್ರ ಮುಖ ತಾಯಿ ಮುಖದ ಕಡೆಗಿರತ್ತೆ, ನಾಲ್ಕನೇದಕ್ಕೆ ಮಾತ್ರ ಕಾಲಿನ ಕಡೆ ತಿರುಗ್ಬೇಕು. ಮುಖ ಆ ಕಡೆಗಿದ್ರೂ ಎಲ್ರೂ ಹೊಟ್ಟೇನೇ ನೋಡ್ತಾ ಇರ್ತಾರೆ ಕಣೇ, ನೋವಾಗ್ತಿದೆಯೋ ಇಲ್ವೋ ಅನ್ನೋದು ಹೊಟ್ಟೆ ಮೇಲೆ ಬರೆದಿರಲ್ಲ. ತಲೆ ಅಂದ್ರೆ ಗಟ್ಟಿ, ಗುಂಡಗೆ, ಈ ಕಡೆ ಆ ಕಡೆ ಆಡತ್ತೆ, ಪೃಷ್ಠ ಅಂದ್ರೆ ಅಗಲ, ಮೆತ್ತಗೆ. ನೀನು ಉತ್ತರ ಹೇಳ್ಬಿಡ್ಬೇಡ, ಅವ್ರು ಹೇಳ್ಲಿ, ಆಮೇಲೆ ಸ್ಕ್ಯಾನ್ ತೋರ್ಸು. ತಪ್ಪು ಹೇಳಿದ್ರೆ ತಾಯಿ ಮುಂದೆ ಗದರ್ಬೇಡ, ಅವ್ರ ಕೈ ಮೇಲೆ ನಿನ್ನ ಕೈ ಇಟ್ಟು ಇನ್ನೊಂದ್ಸಲ ತೋರ್ಸು.

ಈಗ ಪಿವಿ, ಅಂದ್ರೆ ಯೋನಿಯೊಳಗೆ ಬೆರಳಿಟ್ಟು ಮಾಡೋ ಪರೀಕ್ಷೆ ವಿಷ್ಯಕ್ಕೆ ಬರ್ತೀನಿ, ಇಲ್ಲಿ ನಾನು ತುಂಬಾ ಕಟ್ಟುನಿಟ್ಟು, ನೀನೂ ಹಾಗೇ ಇರು. ಮೊದಲ ಸಲ ಮಾಡೋದು ಮ್ಯಾನಿಕಿನ್, ಅಂದ್ರೆ ಕಲಿಯೋಕೆ ಇಟ್ಟಿರೋ ಗೊಂಬೆ ಮೇಲೆ. ಕೆಲವು ಕಡೆ ಇದಕ್ಕೇ ಅಂತ ಟ್ರೇನಿಂಗ್ ತಗೊಂಡ ಹೆಂಗಸ್ರು ತಮ್ಮ ಮೈ ಮೇಲೇನೇ ಹೇಳ್ಕೊಡ್ತಾರೆ, ಎಲ್ಲಿ ಜಾಸ್ತಿ ಒತ್ತಿದ್ರಿ, ಯಾವ ಮಾತು ಮುಜುಗರ ಆಯ್ತು ಅಂತ ಅಲ್ಲೇ ಹೇಳ್ತಾರೆ, ಅದಕ್ಕಿಂತ ಒಳ್ಳೆ ಪಾಠ ಇಲ್ಲ. ಲೇಬರ್ ರೂಮಲ್ಲಿ ಸಾಮಾನ್ಯವಾಗಿ ನಾಲ್ಕು ಗಂಟೆಗೊಂದು ಪಿವಿ ಸಾಕು, ಆ ಪರೀಕ್ಷೆ ಹೇಗೂ ಬೇಕಾಗಿದ್ದಾಗ ಮಾತ್ರ, ಆಕೆ ಒಪ್ಪಿದ್ರೆ ಮಾತ್ರ, ಜೊತೆಗಿರೋ ಒಬ್ಬ ಸ್ಟೂಡೆಂಟ್ ಮಾತ್ರ. ಕಲಿಯೋ ಆಸೆಗೆ ಒಬ್ಬರಾದ್ಮೇಲೆ ಒಬ್ಬರು ಕೈ ಹಾಕೋದು ನಿನ್ನ ಯೂನಿಟ್ಟಲ್ಲಿ ಆಗಲೇಬಾರ್ದು, ಇನ್ಫೆಕ್ಷನ್ನಿಗೂ ಅದೇ ದಾರಿ. ಒಪ್ಪಿಗೆ ಕೇಳೋದೂ ನೋವು ಬಂದು ಹಲ್ಲು ಕಚ್ಚಿರೋ ಗಳಿಗೇಲಲ್ಲ, ನೋವಿನ ನಡುವೆ ಬಿಡುವಿದ್ದಾಗ, ಸ್ಟೂಡೆಂಟಿನ ಹೆಸರು ಹೇಳಿ, ಇವ್ರಿನ್ನೂ ಕಲೀತಿದಾರೆ, ನೀವು ಬೇಡ ಅಂದ್ರೂ ನಿಮ್ಮ ಟ್ರೀಟ್‌ಮೆಂಟಲ್ಲಿ ಏನೂ ವ್ಯತ್ಯಾಸ ಆಗಲ್ಲ ಅಂತ ನೀನೇ ಕೇಳು. ನೀನು ಕೇಳೋದನ್ನ ಅವ್ರು ನೋಡ್ಬೇಕು, ಆಕೆ ಬೇಡ ಅಂದಾಗ ನೀನು ಆಯ್ತಮ್ಮ ಅಂತ ನಗ್ತಾ ಹಿಂದೆ ಸರಿಯೋದನ್ನೂ ನೋಡ್ಬೇಕು.

ಆಪರೇಷನ್ ಥಿಯೇಟರಲ್ಲಿ ಅನಸ್ತೇಶಿಯಾ ಕೊಟ್ಟು ಮಲಗಿಸಿರೋವ್ರ ವಿಷ್ಯದಲ್ಲಂತೂ ಇನ್ನೂ ಹುಷಾರು. ನ್ಯೂಜಿಲೆಂಡಲ್ಲಿ 1988ರ ಕಾರ್ಟ್‌ರೈಟ್ ತನಿಖಾ ವರದೀಲಿ, ಪ್ರಜ್ಞೆ ಇಲ್ಲದ ಹೆಂಗಸರ ಮೇಲೆ ಅವ್ರ ಒಪ್ಪಿಗೆ ಇಲ್ಲದೆ ಸ್ಟೂಡೆಂಟ್ಸ್ ಪಿವಿ ಕಲೀತಿದ್ದ ವಿಷ್ಯ ಬಯಲಾಯ್ತು. ಅಮೆರಿಕಾದಲ್ಲಿ ಲಿಖಿತ ಒಪ್ಪಿಗೆ ಬೇಕೇ ಬೇಕು ಅಂತ ಸರ್ಕಾರ ಆಸ್ಪತ್ರೆಗಳಿಗೆ ಸ್ಪಷ್ಟವಾಗಿ ಹೇಳಿದ್ದು 2024ರಲ್ಲಿ, ಅಷ್ಟು ಲೇಟು. ನೀನು ಯಾರೋ ರೂಲ್ ಮಾಡ್ಲಿ ಅಂತ ಕಾಯ್ಬೇಡ. ಹಿಂದಿನ ದಿನಾನೇ ವಾರ್ಡಿಗೆ ಹೋಗಿ ಕೇಳಿ ಬರ್ಕೊಂಡಿರ್ಬೇಕು, ಬರ್ಕೊಂಡಿಲ್ಲ ಅಂದ್ರೆ ಸ್ಟೂಡೆಂಟ್ ಗ್ಲೌಸ್ ಹಾಕೋ ಹಾಗಿಲ್ಲ.

ಮೊದಲನೇ ದಿನ ಕೈ ತೊಳೆಯೋ ಸಿಂಕ್ ಹತ್ರಾನೇ ನಿಲ್ಲಿಸ್ಕೊಂಡು ಡಾಕ್ಟರ್ ಸೆಮೆಲ್ವೈಸ್ ಕಥೆ ಹೇಳು, ಯಾಕಂದ್ರೆ ಅದು ಸ್ಟೂಡೆಂಟ್ಸ್ ಕಥೇನೇ. ವಿಯೆನ್ನಾ ಆಸ್ಪತ್ರೇಲಿ ಎರಡು ಹೆರಿಗೆ ವಿಭಾಗ, ಒಂದ್ರಲ್ಲಿ ಮೆಡಿಕಲ್ ಸ್ಟೂಡೆಂಟ್ಸ್, ಇನ್ನೊಂದ್ರಲ್ಲಿ ಸೂಲಗಿತ್ತಿ ಕೆಲಸ ಕಲಿಯೋವ್ರು. 1846ರಲ್ಲಿ ಸೂಲಗಿತ್ತಿಯರ ವಿಭಾಗದಲ್ಲಿ ನೂರಕ್ಕೆ 3ಕ್ಕಿಂತ ಕಮ್ಮಿ ತಾಯಂದಿರು ಸತ್ರೆ ಸ್ಟೂಡೆಂಟ್ಸ್ ಇದ್ದ ಕಡೆ 11ಕ್ಕಿಂತ ಜಾಸ್ತಿ. ಆ ಸ್ಟೂಡೆಂಟ್ಸ್ ಪೋಸ್ಟ್‌ಮಾರ್ಟಂ ರೂಮಿಂದ ನೇರ ಲೇಬರ್ ರೂಮಿಗೆ ಬರ್ತಿದ್ರು, ಇನ್ಫೆಕ್ಷನ್ ಅವ್ರ ಕೈ ಜೊತೇಲೇ ಬರ್ತಿತ್ತು. 1847ರ ಮೇ ತಿಂಗಳಲ್ಲಿ ಸೆಮೆಲ್ವೈಸ್ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಸೋಕೆ ಶುರು ಮಾಡಿದ್ರು, ಜೂನಲ್ಲಿ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳೀತು. ಆ ಸ್ಟೂಡೆಂಟ್ಸ್ ಯಾರೂ ಕೆಟ್ಟವ್ರಲ್ಲ ಪುಟ್ಟಿ, ಶ್ರದ್ಧೆಯಿಂದ ಕಲಿಯೋಕೆ ಬಂದೋರು, ಹೇಳಿಕೊಡ್ಬೇಕಾದವ್ರಿಗೇ ಗೊತ್ತಿರ್ಲಿಲ್ಲ. ನಮ್ಗೆ ಈಗ ಗೊತ್ತಿದೆ, ಅದಕ್ಕೇ ನಮ್ಮ ಜವಾಬ್ದಾರಿ ಜಾಸ್ತಿ.

ಗಂಡು ಹುಡುಗ್ರನ್ನ ಮರೀಬೇಡ. ಪೇಷಂಟ್ ಬೇಡ ಅಂತಾರೆ ಅಂತ ನಾವೇ ಊಹೆ ಮಾಡ್ಕೊಂಡು ಅವ್ರನ್ನ ಹೊರಗೆ ಕಳಿಸ್ತೀವಿ, ಕೇಳೋದೇ ಇಲ್ಲ. ಕೇಳಿ ನೋಡು, ನೀನು ಜೊತೆಗಿರ್ತೀಯ ಅಂದ್ರೆ ಎಷ್ಟೋ ಜನ ಒಪ್ತಾರೆ. ಒಪ್ಲಿಲ್ಲ ಅಂದ್ರೆ ಅವ್ನಿಗೆ ಬೇರೆ ತಾಯೀನ ಹುಡುಕಿ ಕೊಡೋದು ನಿನ್ನ ಕೆಲಸ. ನಾಳೆ ಎಲ್ಲೋ ಒಬ್ನೇ ಡ್ಯೂಟೀಲಿದ್ದಾಗ ರಕ್ತ ಹೋಗ್ತಿರೋ ಬಾಣಂತಿ ಬಂದ್ರೆ ಅವ್ನು ನಂಗೆ ಪೋಸ್ಟಿಂಗಲ್ಲಿ ಕಲಿಸ್ಲಿಲ್ಲ ಅನ್ನೋಕಾಗಲ್ಲ.

ರಕ್ತಸ್ರಾವ ಅಂದ್ನಲ್ಲ, ಅದಕ್ಕೊಂದು ಮಧ್ಯಾಹ್ನ ಪೂರ್ತಿ ಎತ್ತಿಡು. ಬಣ್ಣದ ನೀರನ್ನ ಅಳೆದು ಪ್ಯಾಡು, ಬಟ್ಟೆ, ಟ್ರೇ ಮೇಲೆ ಸುರಿದು ಎಷ್ಟಿದೆ ಹೇಳಿ ಅನ್ನು, ಸುಮಾರು ಎಲ್ರೂ ಕಮ್ಮೀನೇ ಹೇಳ್ತಾರೆ. 500 ಎಂಎಲ್ ದಾಟಿದ್ರೆ ಪಿಪಿಎಚ್ (ಹೆರಿಗೆ ಆದ್ಮೇಲೆ ಆಗೋ ಅತಿ ರಕ್ತಸ್ರಾವ) ಅಂತ ಬಾಯಿಪಾಠ ಇರತ್ತೆ, ಆದ್ರೆ 500 ಎಂಎಲ್ ಕಣ್ಣಿಗೆ ಹೇಗೆ ಕಾಣತ್ತೆ ಅಂತ ಗೊತ್ತಿರಲ್ಲ. ರಕ್ತ ಹಿಡಿಯೋ ಅಳತೆ ಗೆರೆ ಇರೋ ಡ್ರೇಪ್ ಹಾಕಿ ಬೇಗ ಪತ್ತೆ ಹಚ್ಚಿ, ಗರ್ಭಕೋಶದ ಮಸಾಜು, ಅದು ಗಟ್ಟಿ ಆಗೋಕೆ ಆಕ್ಸಿಟೋಸಿನ್, ರಕ್ತ ನಿಲ್ಲೋಕೆ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ಪು, ಎಲ್ಲಿಂದ ಹೋಗ್ತಿದೆ ಅಂತ ಪರೀಕ್ಷೆ, ಎಲ್ಲಾನೂ ಒಟ್ಟಿಗೇ ಶುರು ಮಾಡಿದ್ದಕ್ಕೆ ತೀವ್ರ ತೊಂದ್ರೆ ಶೇಕಡ 60ರಷ್ಟು ಕಮ್ಮಿ ಆಯ್ತು ಅಂತ 2023ರಲ್ಲಿ ಬಂದ ಇ-ಮೋಟಿವ್ ಟ್ರಯಲ್ ತೋರಿಸ್ತು. ಡ್ರಿಲ್ಲಲ್ಲಿ ಸ್ಟೂಡೆಂಟಿಗೆ ನಿಜವಾದ ಪಾತ್ರ ಕೊಡು, ಟೈಮ್ ಬರೆಯೋದು, ಮಸಾಜ್ ಮಾಡೋದು. ಹಾಗೇ ಬಿಪಿ ಜಾಸ್ತಿಯಾಗಿ ಫಿಟ್ಸ್ ಬರದ ಹಾಗೆ ಮೆಗ್ನೀಷಿಯಂ ಹೋಗ್ತಿರೋ ಪೇಷಂಟಿದ್ರೆ ಮೊಣಕಾಲಿನ ಜರ್ಕ್, ಉಸಿರಾಟ, ಯೂರಿನ್ ಮೂರನ್ನೂ ನೋಡಿ ಬರೆಯೋದು ಸ್ಟೂಡೆಂಟ್ ಕೆಲಸ, ಮೆಗ್ನೀಷಿಯಂ ಜಾಸ್ತಿಯಾದ್ರೆ ಕೊಡೋ ಕ್ಯಾಲ್ಸಿಯಂ ಗ್ಲುಕೊನೇಟ್ ಎಲ್ಲಿಟ್ಟಿದಾರೆ ಅಂತ ಕಣ್ಮುಚ್ಚಿ ಹೇಳೋ ಹಾಗಿರ್ಬೇಕು.

ಗೈನಿಕ್ ಓಪಿಡಿ, ಅಂದ್ರೆ ಹೆಂಗಸರ ಕಾಯಿಲೆಗಳ ಹೊರರೋಗಿ ವಿಭಾಗದ ಬಗ್ಗೆ ಜಾಸ್ತಿ ಬರೆಯಲ್ಲ. ಜೊತೆಗೆ ಬಂದವ್ರನ್ನ ಸ್ವಲ್ಪ ಹೊತ್ತು ಆಚೆ ಕೂರಿಸಿ ಹಿಸ್ಟರಿ ಕೇಳೋದು, ಪರದೆ ಪೂರ್ತಿ ಎಳೆಯೋದು, ಇದನ್ನ ನಿನ್ನ ನೋಡೇ ಕಲೀತಾರೆ.

ಕೆಟ್ಟದ್ದನ್ನೂ ಹಾಗೇ ನೋಡೇ ಕಲೀತಾರೆ. ಹೆರಿಗೆ ನೋವಲ್ಲಿ ಕೂಗೋ ತಾಯೀನ ಯಾರಾದ್ರೂ ಬೈದ್ರೆ, ಕೈ ಮಾಡಿದ್ರೆ, ಅಲ್ಲೇ ತಡಿ, ಅವತ್ತೇ ಸ್ಟೂಡೆಂಟ್ಸನ್ನ ಕೂರಿಸ್ಕೊಂಡು ಅದು ತಪ್ಪು ಅಂತ ಬಾಯಿ ಬಿಟ್ಟು ಹೇಳು, ನೀನು ಸುಮ್ನಿದ್ರೆ ಅದೇ ಸರಿ ಅಂದ್ಕೊಂಡ್ಬಿಡ್ತಾರೆ. ಮಗು ಉಳೀದೇ ಇದ್ದ ದಿನ ಆ ತಾಯಿ ಜೊತೆಗಿದ್ದ ಸ್ಟೂಡೆಂಟನ್ನ ಒಬ್ರನ್ನೇ ಹಾಸ್ಟೆಲಿಗೆ ಕಳಿಸ್ಬೇಡ. ಏನಾಯ್ತು, ಯಾಕಾಯ್ತು, ಅವ್ರು ಮಾಡಿದ್ರಲ್ಲಿ ಏನು ಸರಿ ಇತ್ತು ಅಂತ ಕೂತು ಮಾತಾಡು, ಅಳ್ಬೇಕು ಅನ್ನಿಸಿದ್ರೆ ಅಳೋಕೆ ಬಿಡು. ಮಾರನೇ ದಿನ ಅವ್ರನ್ನ ಕರ್ಕೊಂಡೇ ಆ ತಾಯೀನ ನೋಡೋಕೆ ಹೋಗು.

ಇನ್ನೊಂದು ವಿಷ್ಯ, ಲೇಬರ್ ರೂಮ್ ಇನ್‌ಚಾರ್ಜ್ ಸಿಸ್ಟರ್ ಹತ್ರ ಸೋಮವಾರಕ್ಕಿಂತ ಮುಂಚೇನೇ ಹೋಗಿ ಮಾತಾಡು. ಸ್ಟೂಡೆಂಟ್ಸ್ ಹೆಸರಿನ ಪಟ್ಟಿ ಕೊಡು, ಯಾರು ಯಾವ ತಾಯಿ ಜೊತೆ ಅಂತ ಬೋರ್ಡಲ್ಲಿ ಬರೆಯೋಕೆ ಜಾಗ ಕೇಳು, ನೈಟ್ ಇರೋವ್ರಿಗೆ ಕೂರೋಕೆ ಸ್ಟೂಲ್ ಕೇಳು. ಹೆರಿಗೆ ಮಾಡಿಸೋದ್ರಲ್ಲಿ ಅವ್ರ ಕೈ ನಮ್ಗಿಂತ ಪಳಗಿರತ್ತೆ, ಎಷ್ಟೋ ವಿಷ್ಯ ಅವ್ರೇ ಹೇಳ್ಕೊಡ್ತಾರೆ, ನೀನು ಗೌರವದಿಂದ ಕೇಳಿದ್ರೆ ಸಾಕು. ಮೊದಲ ಬ್ಯಾಚ್ ಮುಗಿದ್ಮೇಲೆ ಏನೇನಾಯ್ತು ಅಂತ ಬರಿ, ಅಮ್ಮಂಗೆ ನಾನು ಕೇಳಿದೆ ಅಂತ ಹೇಳು.

ಇಂತಿ ನಿನ್ನ,
ದೊಡ್ಡಮ್ಮ