ಭಾನುವಾರದ ವಾಕಿಂಗ್, ಬಿಪಿ ತಪಾಸಣೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 6.30ಕ್ಕೆ ಕುಕ್ಕರಹಳ್ಳಿ ಕೆರೆ ಗೇಟಿನ ಹತ್ತಿರ ಸೇರೋಣ. ಮೊದಲು ಬಿಪಿ, ಆಮೇಲೆ ನಡಿಗೆ. 60 ದಾಟಿದವರು ತಪ್ಪಿಸಬೇಡಿ.

"ನಾನು ಗಟ್ಟಿಯಾಗಿದ್ದೀನಿ, ಸುಮ್ನೆ ಯಾಕೆ" ಅನ್ನುವವರು ಇದ್ದಾರಲ್ಲ, ಅವರಿಗೇ ಹೇಳ್ತಿರೋದು. ವಯಸ್ಸಾದಂತೆ ರಕ್ತನಾಳದ ಗೋಡೆಯಲ್ಲಿ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಸವೆಯುತ್ತದೆ, ಬಿರುಸಾದ ಕೊಲ್ಯಾಜೆನ್ ಅನ್ನೋ ನಾರು ಜಾಸ್ತಿ ಆಗುತ್ತದೆ, ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಒಳಪದರದಿಂದ ಸಿಗುವುದೂ ಕಡಿಮೆ ಆಗುತ್ತದೆ, ಹಾಗಾಗಿ ಹೃದಯಕ್ಕೆ ರಕ್ತ ಕೊಡುವ ನಾಳಗಳು ಬೇಕಾದಾಗ ಮೊದಲಿನಷ್ಟು ಅಗಲವಾಗುವುದಿಲ್ಲ. ಕೂತಿದ್ದಾಗ ಏನೂ ಗೊತ್ತಾಗಲ್ಲ. ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ. ದೊಡ್ಡ ನಾಳಗಳು ಬಿರುಸಾದರೆ ಬಿಪಿಯ ಮೇಲಿನ ಅಂಕಿ ಏರಿ ಕೆಳಗಿನದು ಇಳಿಯಬಹುದು, ಕೆಳಗಿನದಷ್ಟೇ ನೋಡಿ ಖುಷಿಪಡಬೇಡಿ!

ಬರುವ ಮುಂಚೆ ಅರ್ಧ ಗಂಟೆ ಕಾಫಿ, ಸಿಗರೇಟು ಬೇಡ (ಕಾಫಿ ಕಷ್ಟ, ಗೊತ್ತು). ಮಾತ್ರೆ ನಿಲ್ಲಿಸಬೇಡಿ, ಚೀಟಿ ತನ್ನಿ. 5 ನಿಮಿಷ ಮಾತಾಡದೆ ಕೂತ ಮೇಲೇ ಬಿಪಿ ನೋಡೋದು. ನಡಿಗೆಯ ಮೊದಲ 10 ನಿಮಿಷ ನಿಧಾನ. ಎದೆ ಬಿಗಿದರೆ, ದವಡೆಗೋ ಕೈಗೋ ನೋವು ಹರಿದರೆ ಗ್ಯಾಸ್ ಅಂತ ಸುಮ್ಮನಾಗಬೇಡಿ, ತಕ್ಷಣ ನಿಂತು ಪಕ್ಕದವರಿಗೆ ಹೇಳಿ, 108ಕ್ಕೆ ಫೋನ್ ಮಾಡೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ವಯಸ್ಸು ಹಾಕಿ. ಬರೀ ಕೈ ಮುಗಿದ ಚಿತ್ರ ಹಾಕಿದರೆ ಲೆಕ್ಕಕ್ಕಿಲ್ಲ.